ಎಂಜಿನ್ನಿನ ಬಿಸಿಯುಸಿರಿಗೆ ಮನೆಮದ್ದು

ಮಾಗಡಿಯಿಂದ ಕಲ್ಯದ ಕಡೆಗೆ ಹೋಗುವವರಾಗಲಿ, ಕನಕಪುರದಿಂದ ರಾಮನಗರಕ್ಕೆ ಹೊರಟವರಾಗಲಿ, ಸ್ಕೂಟರಿನ ಚಕ್ರಕ್ಕೆ ಗಾಳಿ ಹಿಡಿಸಲು ದಾರಿಯ ಪಂಕ್ಚರ್ ಅಂಗಡಿಯ ಮುಂದೆ ಒಮ್ಮೆಯಾದರೂ ನಿಂತಿರುತ್ತಾರೆ. ಅಂಗಡಿಯ ಮೂಲೆಯಲ್ಲಿ ಟಪಟಪ ಸದ್ದು ಮಾಡುವ ಕಂಪ್ರೆಸರ್ ಅನ್ನು ಸರಿಯಾಗಿ ನೋಡಿದವರು ಮಾತ್ರ ಕಡಿಮೆ. ಅಂಗಡಿ ಸ್ವಲ್ಪ ದೊಡ್ಡದಾಗಿದ್ದರೆ ಆ ಯಂತ್ರಕ್ಕೆ ಎರಡು ಸಿಲಿಂಡರುಗಳಿರುತ್ತವೆ: ಒಂದು ದಪ್ಪ, ಒಂದು ಸಣ್ಣದು. ದಪ್ಪನೆಯದು ಗಾಳಿಯನ್ನು ಅರ್ಧ ಅದುಮಿ ಸಣ್ಣದಕ್ಕೆ ಕಳಿಸುತ್ತದೆ. ಸಣ್ಣದು ಮತ್ತಷ್ಟು ಅದುಮಿ ಟ್ಯಾಂಕಿಗೆ ತುಂಬುತ್ತದೆ. ಎರಡರ ನಡುವೆ ಒಂದು ಕೊಳವೆ ಇದೆ. ಅದರ ಮೈತುಂಬ ತೆಳ್ಳನೆಯ ಲೋಹದ ರೆಕ್ಕೆಗಳು. ಪಕ್ಕದಲ್ಲಿ ತಿರುಗುವ ದೊಡ್ಡ ಚಕ್ರದ ಕಡ್ಡಿಗಳನ್ನು ಗಮನಿಸಿ. ಅವು ನೇರವಾಗಿಲ್ಲ, ಫ್ಯಾನಿನ ರೆಕ್ಕೆಯಂತೆ ಓರೆಯಾಗಿವೆ. ಚಕ್ರ ತಿರುಗಿದಾಗಲೆಲ್ಲ ಆ ಕೊಳವೆಯ ಮೇಲೆ ಗಾಳಿ ಬೀಸುತ್ತದೆ.

ಆ ರೆಕ್ಕೆಯ ಕೊಳವೆಯೇ ಇಂಟರ್‌ಕೂಲರ್. ಲಕ್ಷಗಟ್ಟಲೆ ಬೆಲೆಯ ಕಾರಿನ ಬಂಪರಿನ ಹಿಂದೆ ಅಡಗಿ ಕುಳಿತ ಇಂಟರ್‌ಕೂಲರ್ ಮಾಡುವ ಕೆಲಸವೂ ಇಷ್ಟೇ: ಅದುಮಿದಾಗ ಬಿಸಿಯಾದ ಗಾಳಿಯನ್ನು ಮುಂದಕ್ಕೆ ಬಿಡುವ ಮೊದಲು ತಣಿಸುವುದು. ಈಚೆಗೆ ಕಾಲೇಜು ಓದುವ ಹುಡುಗರು ಮನೆಯಲ್ಲಿ ‘ಇಂಟರ್‌ಕೂಲರ್ ದೊಡ್ಡದು ಹಾಕಿಸೋಣ’, ‘ಅದಕ್ಕೆ ನೀರು ಚಿಮ್ಮಿಸುವ ಕಿಟ್ ಕೂರಿಸೋಣ’ ಎಂದು ತಂದೆಯ ಜೇಬಿನ ಕಡೆ ನೋಡುವುದುಂಟು. ಹತ್ತಾರು ಸಾವಿರ ರೂಪಾಯಿಯ ಪ್ರಶ್ನೆ ಇದು. ಎಡವಿದರೆ ಎಂಜಿನ್ನಿನ ಪ್ರಶ್ನೆಯೂ ಹೌದು. ಹಣ ಕೊಡುವ ಮೊದಲು ಒಂಬತ್ತನೆಯ ತರಗತಿಯ ಭೌತಶಾಸ್ತ್ರವನ್ನು ತಂದೆ ಮಗ ಇಬ್ಬರೂ ಒಮ್ಮೆ ತಿರುವಿ ಹಾಕುವುದು ಒಳ್ಳೆಯದು.

ಸೈಕಲ್ ಪಂಪಿನಿಂದ ಶುರು ಮಾಡೋಣ. ಪಂಪಿನ ಬಾಯಿಯನ್ನು ಚಕ್ರಕ್ಕೆ ಸೇರಿಸಿ ಇಪ್ಪತ್ತು ಮೂವತ್ತು ಸಲ ಜೋರಾಗಿ ಒತ್ತಿ. ಪಂಪಿನ ತಳಭಾಗ ಬೆಚ್ಚಗಾಗುತ್ತದೆ. ‘ಅದು ಪಿಸ್ಟನ್ ಉಜ್ಜಿದ್ದರಿಂದ’ ಎಂದು ಬಹಳ ಮಂದಿ ಹೇಳುತ್ತಾರೆ. ಹಾಗಿದ್ದರೆ ಪಂಪಿನ ಉದ್ದಕ್ಕೂ ಒಂದೇ ಸಮನೆ ಬಿಸಿಯಾಗಬೇಕಿತ್ತಲ್ಲವೇ? ಗಾಳಿ ಅದುಮಲ್ಪಡುವ ತುದಿಯೇ ಹೆಚ್ಚು ಬಿಸಿ. ಪಿಸ್ಟನ್ನನ್ನು ತಳ್ಳಲು ನಿಮ್ಮ ತೋಳು ಮಾಡಿದ ಕೆಲಸ ಗಾಳಿಯ ಅಣುಗಳ ಓಟವಾಗಿ ಮಾರ್ಪಡುತ್ತದೆ. ಅಣುಗಳ ಓಟ ಹೆಚ್ಚಿತೆಂದರೆ ಉಷ್ಣತೆ ಏರಿತೆಂದೇ ಅರ್ಥ.

ಎಂಜಿನ್ ಓಡುವುದು ಪೆಟ್ರೋಲ್ ಅಥವಾ ಡೀಸೆಲಿನಿಂದ ಎನ್ನುತ್ತೇವೆ. ಅರ್ಧ ಸತ್ಯ ಅದು. ಇಂಧನ ಉರಿಯಲು ಆಮ್ಲಜನಕ ಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಹದಿನಾಲ್ಕು ಗ್ರಾಂಗಿಂತ ಹೆಚ್ಚು ಗಾಳಿ ಬೇಕು. ಇಂಧನವನ್ನು ಹೆಚ್ಚು ಚಿಮ್ಮಿಸುವುದು ಸುಲಭ, ಗಾಳಿಯನ್ನು ಹೆಚ್ಚು ತುಂಬುವುದು ಕಷ್ಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಮಾಗಡಿ ಸೀಮೆಯಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೆಯ ಒಂದು ಪಾಲು ಕಡಿಮೆ ಬೇರೆ. ಆದ್ದರಿಂದ ಗಾಳಿಯನ್ನು ಬಲವಂತವಾಗಿ ಊದುವ ಉಪಾಯ ಬಂತು. ಎಂಜಿನ್ನಿನದೇ ಬೆಲ್ಟಿನಿಂದ ತಿರುಗಿ ಊದುವುದು ಸೂಪರ್‌ಚಾರ್ಜರ್. ಹೊರಬರುವ ಹೊಗೆಯ ರಭಸದಿಂದ ತಿರುಗಿ ಊದುವುದು ಟರ್ಬೊಚಾರ್ಜರ್. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಈ ಎರಡನೆಯದಕ್ಕೆ 1905ರಲ್ಲಿಯೇ ಪೇಟೆಂಟ್ ಪಡೆದ. ಬೆಲ್ಟಿನ ಸೂಪರ್‌ಚಾರ್ಜರ್ ಇರುವ ಕಾರು ನಮ್ಮ ರಸ್ತೆಗಳಲ್ಲಿ ಅಪರೂಪ. ಹಿಂಭಾಗದಲ್ಲಿ ‘ಕೊಂಪ್ರೆಸರ್’ ಎಂದು ಬರೆದುಕೊಂಡ ಹಳೆಯ ಮರ್ಸಿಡಿಸ್ ಕಂಡರೆ ಅದು ಆ ಜಾತಿಯದು. ಟರ್ಬೊ ಮಾತ್ರ ಈಗ ಮನೆಮನೆಯ ಮಾತು. ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಕ್ರಿಸ್ಟಾದ ಡೀಸೆಲ್ ಎಂಜಿನ್ನಿಗೆ ಟರ್ಬೊ, ಇಂಟರ್‌ಕೂಲರ್ ಎರಡೂ ಇವೆ. 2009ರಲ್ಲಿ ಬಂದ ಮೊದಲ ತಲೆಮಾರಿನ ಫಾರ್ಚೂನರ್ ಕಾರಿನ ಬಾನೆಟ್ಟಿನ ಮೇಲೆ ಮೂಗಿನ ಹೊಳ್ಳೆಯಂತಹ ತೂತೊಂದಿತ್ತು. ಅದು ಅಲಂಕಾರವಲ್ಲ, ಎಂಜಿನ್ನಿನ ನೆತ್ತಿಯ ಮೇಲೆ ಕುಳಿತ ಇಂಟರ್‌ಕೂಲರಿಗೆ ಗಾಳಿ ಒದಗಿಸುವ ದಾರಿ.

ಈಗ ಒಂದು ಲೆಕ್ಕ. ಹೊರಗಿನ ಗಾಳಿ 32 ಡಿಗ್ರಿ ಸೆಲ್ಸಿಯಸ್ ಎನ್ನಿ. ಅದರ ಒತ್ತಡವನ್ನು 1.6 ಪಟ್ಟು ಏರಿಸೋಣ. ನಷ್ಟವೇ ಇಲ್ಲದ ಆದರ್ಶ ಯಂತ್ರದಲ್ಲೂ ಗಾಳಿ 76 ಡಿಗ್ರಿಗೆ ಏರುತ್ತದೆ. ನಿಜವಾದ ಯಂತ್ರದಲ್ಲಿ ನಷ್ಟ ಇದ್ದೇ ಇದೆ. ದಕ್ಷತೆ ನೂರಕ್ಕೆ 60 ಎಂದು ಹಿಡಿದರೆ ಉಷ್ಣತೆ ಸುಮಾರು 105 ಡಿಗ್ರಿ! ಬಿಸಿಯಾದ ಗಾಳಿ ಹಿಗ್ಗುತ್ತದೆ. ಹೀಗಾಗಿ ಒತ್ತಡ 1.6 ಪಟ್ಟು ಆದರೂ ಸಿಲಿಂಡರಿನೊಳಗೆ ಹೋಗುವ ಗಾಳಿಯ ತೂಕ 1.29 ಪಟ್ಟು ಮಾತ್ರ. ನೂರಕ್ಕೆ ಅರವತ್ತು ಲಾಭವೆಂದುಕೊಂಡದ್ದು ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಇದೇ ಗಾಳಿಯನ್ನು 50 ಡಿಗ್ರಿಗೆ ತಣಿಸಿದರೆ? ಆಗ 1.51 ಪಟ್ಟು. ಕಳೆದುಕೊಂಡದ್ದರಲ್ಲಿ ಹೆಚ್ಚಿನ ಪಾಲು ಮರಳಿ ಬಂತು. (ಲೆಕ್ಕ ಮಾಡಿ ನೋಡುವ ವಿದ್ಯಾರ್ಥಿಗಳು ಉಷ್ಣತೆಗೆ 273 ಸೇರಿಸಿ ಕೆಲ್ವಿನ್ನಿಗೆ ತರಲು ಮರೆಯಬಾರದು. ಪರೀಕ್ಷೆಯಲ್ಲೂ ಅಂಕ ಹೋಗುವುದು ಇಲ್ಲಿಯೇ.)

ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ನೊಂದು ಅಪಾಯವಿದೆ. ಒಳಬರುವ ಗಾಳಿ ತೀರಾ ಬಿಸಿಯಾಗಿದ್ದರೆ ಮಿಶ್ರಣದ ಒಂದು ಭಾಗ, ಸ್ಪಾರ್ಕ್ ಪ್ಲಗ್ಗಿನ ಜ್ವಾಲೆ ತನ್ನ ಬಳಿ ಬರುವವರೆಗೂ ಕಾಯದೆ, ತಾನಾಗಿಯೇ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ‘ನಾಕಿಂಗ್’ ಎನ್ನುವ, ಸುತ್ತಿಗೆಯಿಂದ ಕುಟ್ಟಿದಂತಹ ಸದ್ದು ಅದರದೇ. ಹೆಚ್ಚು ಹೊತ್ತು ನಡೆದರೆ ಪಿಸ್ಟನ್ನಿನ ತಲೆಯೇ ತೂತಾಗಬಹುದು. ಇಂಟರ್‌ಕೂಲರ್ ಶಕ್ತಿಗಾಗಿ ಎಂಬುದಕ್ಕಿಂತ ಎಂಜಿನ್ನಿನ ಆಯುಸ್ಸಿಗಾಗಿ ಎನ್ನುವುದೇ ಸರಿ.

ಬೆಂಗಳೂರಿಗೆ ಹಾರಿಬಂದ ಇಂಟರ್‌ಕೂಲರುಗಳು

ಈ ಸಾಧನ ಹೊಸದೇನಲ್ಲ. ಏಳೆಂಟು ದಶಕಗಳ ಹಿಂದೆಯೇ ಬೆಂಗಳೂರಿನ ಕೆಲಸಗಾರರು ಇದನ್ನು ಬಿಚ್ಚಿ, ತೊಳೆದು, ಜೋಡಿಸಿದ್ದಾರೆ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ತಯಾರಾದ ಲಿಬರೇಟರ್ ಬಾಂಬರ್ ವಿಮಾನಗಳು ಕಾನ್ಪುರದಲ್ಲಿ ರಾಶಿಬಿದ್ದಿದ್ದವು. ಮತ್ತೆ ಯಾರೂ ಹಾರಿಸಬಾರದೆಂದು ಅವುಗಳನ್ನು ಬೇಕೆಂದೇ ಹಾಳುಗೆಡವಲಾಗಿತ್ತು. 1948ರಲ್ಲಿ, 1940ರ ಡಿಸೆಂಬರಿನಲ್ಲಿ ಹುಟ್ಟಿದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆ ಗುಜರಿಯಿಂದ ನಲವತ್ತರಷ್ಟು ವಿಮಾನಗಳನ್ನು ಎಬ್ಬಿಸುವ ಸಾಹಸಕ್ಕೆ ಕೈಹಾಕಿತು. ಅಲ್ಲಿಯೇ ಹಾರುವ ಮಟ್ಟಿಗೆ ತೇಪೆ ಹಾಕಿ, ಕಂಪನಿಯ ಪೈಲಟ್ ಜಮ್ಷೆದ್ ಮುನ್ಷಿ ಒಂದೊಂದನ್ನಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವನ್ನು ಪೂರ್ತಿ ದುರಸ್ತಿ ಮಾಡಲಾಯಿತು. 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೇ ಆರಂಭವಾಯಿತು. 1968ರ ಕೊನೆಯವರೆಗೆ ಅವು ವಾಯುಪಡೆಯಲ್ಲಿ ದುಡಿದವು. ನಂತರ ಕೆಲವು ಇಂಗ್ಲೆಂಡ್, ಅಮೆರಿಕ, ಕೆನಡಾದ ವಸ್ತುಸಂಗ್ರಹಾಲಯಗಳಿಗೆ ಹೋದವು.

ಲಿಬರೇಟರಿನ ನಾಲ್ಕು ಎಂಜಿನ್ನುಗಳಿಗೂ ಟರ್ಬೊ ಸೂಪರ್‌ಚಾರ್ಜರ್ ಇತ್ತು, ಜೊತೆಗೆ ಇಂಟರ್‌ಕೂಲರ್. 25 ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಚಳಿ ಸೊನ್ನೆಗಿಂತ ಸುಮಾರು 35 ಡಿಗ್ರಿ ಕೆಳಗೆ. ಅಂತಹ ಕಡೆ ತಣಿಸುವ ಯಂತ್ರವೇಕೆ ಎನಿಸುವುದು ಸಹಜ. ಆದರೆ ಅಲ್ಲಿನ ಗಾಳಿಯ ಒತ್ತಡ ನೆಲಮಟ್ಟದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಅದನ್ನು ನೆಲಮಟ್ಟದ ಒತ್ತಡಕ್ಕೆ ಅದುಮುವಷ್ಟರಲ್ಲಿ ಆ ಕೊರೆಯುವ ಗಾಳಿಯೂ 80 ಡಿಗ್ರಿ ದಾಟುತ್ತದೆ! ಎಂಜಿನ್ನಿನ ಗೂಡಿನ ಪಕ್ಕದ ತೆರಪಿನಿಂದ ನುಗ್ಗುವ ಹೊರಗಾಳಿ ಇಂಟರ್‌ಕೂಲರಿನ ಮೂಲಕ ಹಾದು ಅದನ್ನು ತಣಿಸುತ್ತಿತ್ತು. ಎಷ್ಟು ಗಾಳಿ ಹಾಯಬೇಕೆಂದು ತೀರ್ಮಾನಿಸಲು ಕದಗಳಿದ್ದವು. ಪೈಲಟ್ ಅವನ್ನು ಬೇಕೆಂದಾಗ ಮುಚ್ಚಿ ತೆರೆಯುತ್ತಿದ್ದ. ಇಡೀ ವಿದ್ಯೆಯ ತಿರುಳು ಆ ಕದಗಳಲ್ಲೇ ಇದೆ: ಇಂಟರ್‌ಕೂಲರ್ ಎಷ್ಟು ದೊಡ್ಡದು ಎನ್ನುವುದಷ್ಟೇ ಮುಖ್ಯವಲ್ಲ, ಅದರ ರೆಕ್ಕೆಗಳ ನಡುವೆ ಹೊರಗಾಳಿ ಎಷ್ಟು ಹಾಯುತ್ತದೆ ಎನ್ನುವುದು ಮುಖ್ಯ.

ಮನೆಯಲ್ಲಿ ಏನು ಮಾಡಬಹುದು?

ತೋಟಕ್ಕೆ ನೀರು ಹಾಯಿಸಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಮಡೆ ಕಟ್ಟದಿದ್ದರೆ ನೀರು ಪಾತಿಗೆ ಹೋಗುವುದಿಲ್ಲ, ಎಲ್ಲಿ ತಗ್ಗೋ ಅಲ್ಲಿಗೆ ಹರಿಯುತ್ತದೆ. ಗಾಳಿಯೂ ಹಾಗೆಯೇ. ಇಂಟರ್‌ಕೂಲರಿನ ಒತ್ತಾದ ರೆಕ್ಕೆಗಳ ನಡುವೆ ನುಸುಳುವುದಕ್ಕಿಂತ ಅದರ ಅಕ್ಕಪಕ್ಕದ ಖಾಲಿ ಜಾಗದಲ್ಲಿ ನುಗ್ಗಿಹೋಗುವುದು ಅದಕ್ಕೆ ಸುಲಭ. ಕಾರ್ಖಾನೆಯಿಂದ ಬರುವಾಗ ಅಲ್ಲಿ ಪ್ಲಾಸ್ಟಿಕ್ ತಡಿಕೆಗಳೂ ರಬ್ಬರ್ ಪಟ್ಟಿಗಳೂ ಇರುತ್ತವೆ. ಬಂಪರಿಗೆ ಒಂದು ಸಲ ಪೆಟ್ಟುಬಿದ್ದು ರಿಪೇರಿಯಾದರೆ ಇವೇ ಮೊದಲು ಕಾಣೆಯಾಗುವುದು. ‘ಇದೇನೂ ಬೇಕಾಗಿಲ್ಲ ಬಿಡಿ ಸಾರ್’ ಎಂದು ಮೆಕ್ಯಾನಿಕ್ ಮೂಲೆಗೆ ಎಸೆದದ್ದು ನಿಜಕ್ಕೂ ಬೇಕಾದ ಭಾಗ. ಅದನ್ನು ತರಿಸಿ ಹಾಕಬೇಕು. ಸಿಗದಿದ್ದರೆ ತೆಳು ಅಲ್ಯೂಮಿನಿಯಂ ತಗಡು, ಬಿಸಿ ತಡೆಯುವ ರಬ್ಬರ್ ಶೀಟುಗಳಿಂದ ಸಂದು ಮುಚ್ಚಬಹುದು. ಥರ್ಮಾಕೋಲ್ ಬೇಡ, ಕರಗುತ್ತದೆ. ಬಹಳ ಕಾರುಗಳಲ್ಲಿ ಇಂಟರ್‌ಕೂಲರಿನ ಹಿಂದೆಯೇ ರೇಡಿಯೇಟರ್ ಇರುತ್ತದೆ. ಅದರ ಪಾಲಿನ ಗಾಳಿ ಕಡಿಯದಂತೆ ನೋಡಿಕೊಳ್ಳಬೇಕು. ಖರ್ಚು ನೂರರ ಲೆಕ್ಕದಲ್ಲಿ, ಫಲ ಮಾತ್ರ ದೊಡ್ಡದು.

ಎರಡನೆಯ ಮದ್ದು ಇನ್ನೂ ಅಗ್ಗ: ತೊಳೆಯುವುದು. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದು ಎಲ್ಲರಿಗೂ ಗೊತ್ತು. ಅದರ ಮೇಲೆ ಓಡಿದ ಕಾರು ಹೊಟ್ಟು, ಧೂಳು, ಹುಲ್ಲಿನ ಎಳೆಗಳನ್ನು ಮೂಗಿಗೆ ಏರಿಸಿಕೊಂಡೇ ಮುಂದೆ ಹೋಗುತ್ತದೆ. ಜೊತೆಗೆ ರಾತ್ರಿ ಹೊತ್ತು ಬಡಿಯುವ ಹುಳುಗಳು. ರೆಕ್ಕೆಗಳ ಸಂದು ಕಟ್ಟಿಕೊಂಡರೆ ಎಂಥ ಇಂಟರ್‌ಕೂಲರೂ ಮುಚ್ಚಿದ ಕಿಟಕಿಯೇ. ಮೆದುವಾದ ಬ್ರಷ್ಷು, ತೋಟದ ಪೈಪಿನ ಸಾಧಾರಣ ನೀರು ಸಾಕು. ಸರ್ವಿಸ್ ಸ್ಟೇಷನ್ನಿನ ರಭಸದ ನೀರನ್ನು ಹತ್ತಿರದಿಂದ ಬಿಟ್ಟರೆ ಕಾಗದದಷ್ಟು ತೆಳ್ಳಗಿನ ರೆಕ್ಕೆಗಳು ಮಡಿಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆಯೇ ಕೈಹಾಕಬೇಕು. ಕೀಲಿ ತೆಗೆದ ಮೇಲೂ ರೇಡಿಯೇಟರಿನ ಫ್ಯಾನು ತಟ್ಟನೆ ತಿರುಗಬಹುದು. ಇದೇ ಹೊತ್ತಿನಲ್ಲಿ ರಬ್ಬರ್ ಕೊಳವೆಗಳ ಕೀಲುಗಳಲ್ಲಿ ಎಣ್ಣೆ ಜಿನುಗಿದೆಯೇ ಎಂದೂ ನೋಡಬಹುದು. ಅದುಮಿದ ಗಾಳಿ ಅಲ್ಲೆಲ್ಲೋ ಸೋರುತ್ತಿದೆ ಎನ್ನುವುದಕ್ಕೆ ಅದು ಸುಳಿವು.

ಇನ್ನು ಹುಡುಗರಿಗೆ ಪ್ರಿಯವಾದ ನೀರು ಚಿಮ್ಮಿಸುವ ವಿದ್ಯೆ. ವೈಪರಿನ ನೀರಿನ ಡಬ್ಬಿ, ಅದರ ಪುಟ್ಟ ಮೋಟಾರು, ಎರಡು ಸಣ್ಣ ನಳಿಕೆ, ಒಂದು ಸ್ವಿಚ್ಚು, ಇಷ್ಟರಲ್ಲೇ ತಯಾರಾಗುತ್ತದೆ. ತಮಾಷೆಯೆಂದು ತಳ್ಳಿಹಾಕುವಂತಿಲ್ಲ. ಜಪಾನಿನ ಸುಬಾರು ಇಂಪ್ರೆಜಾ, ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಕಾರುಗಳ ಕೆಲವು ಮಾದರಿಗಳಿಗೆ ಕಾರ್ಖಾನೆಯವರೇ ಇದನ್ನು ಕೂರಿಸಿದ್ದರು. ತತ್ವ ಅಜ್ಜಿಯ ಮಣ್ಣಿನ ಹೂಜಿಯದು. ನೀರು ಆವಿಯಾಗಲು ಗುಪ್ತೋಷ್ಣ ಬೇಕು. ಒಂದು ಗ್ರಾಂ ನೀರು 30 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಹೀರಿಕೊಳ್ಳುತ್ತದೆ. ಬೇಸಿಗೆಯ ಒಣ ಮಧ್ಯಾಹ್ನ, ಹವೆ 34 ಡಿಗ್ರಿ, ತೇವಾಂಶ ನೂರಕ್ಕೆ 30 ಇದ್ದಾಗ ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ 21 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಗಾಳಿಯೊಂದನ್ನೇ ನಂಬಿದ ಇಂಟರ್‌ಕೂಲರ್ ಎಂದೂ ಹೊರಗಿನ 34 ಡಿಗ್ರಿಗಿಂತ ಕೆಳಗೆ ಇಳಿಯಲಾರದು. ನೀರು ಆ ಗೆರೆಯನ್ನು ದಾಟಿಸಬಲ್ಲದು. ಮಳೆಗಾಲದಲ್ಲಿ ಮಾತ್ರ ಈ ಜಾದೂ ನಡೆಯದು. ತೇವ ತುಂಬಿದ ಗಾಳಿಯಲ್ಲಿ ನೀರು ಆರುವುದೇ ನಿಧಾನ, ಶ್ರಾವಣದಲ್ಲಿ ಒಗೆದ ಬಟ್ಟೆಯ ಕತೆಯೇ ಇಲ್ಲಿಯೂ.

ನೀರೆಷ್ಟು ಬೇಕು? 1.5 ಲೀಟರಿನ ಎಂಜಿನ್ ಪೂರ್ತಿ ದಮ್ಮು ಕಟ್ಟಿ ಓಡುವಾಗ ಸೆಕೆಂಡಿಗೆ ನೂರು ಗ್ರಾಂನಷ್ಟು ಗಾಳಿ ಸೇದುತ್ತದೆ. ಅದನ್ನು 50 ಡಿಗ್ರಿಯಷ್ಟು ತಣಿಸಬೇಕಾದರೆ 5 ಕಿಲೋವಾಟ್ ಶಾಖ ಹೊರಹಾಕಬೇಕು. ಐದು ಇಮ್ಮರ್ಷನ್ ರಾಡ್‌ಗಳು ಒಟ್ಟಿಗೆ ಕಾದಷ್ಟು! ಎಲ್ಲವನ್ನೂ ನೀರೇ ಹೀರಬೇಕೆಂದರೆ ಸೆಕೆಂಡಿಗೆ ಎರಡು ಗ್ರಾಂ, ಅಂದರೆ ಒಂದು ಲೀಟರ್ ಎಂಟು ನಿಮಿಷಕ್ಕೆ ಖಾಲಿ. ಅದೂ ಒಂದು ಹನಿಯೂ ಪೋಲಾಗದಿದ್ದರೆ. ಓಡುವ ಕಾರಿನಲ್ಲಿ ಬಹಳಷ್ಟು ಹನಿಗಳು ಆವಿಯಾಗುವ ಮೊದಲೇ ಹಾರಿಹೋಗುತ್ತವೆ. ಆದ್ದರಿಂದ ನೀರು ಘಟ್ಟ ಹತ್ತುವ ಕೆಲವು ನಿಮಿಷಗಳ ಆಸರೆಯೇ ಹೊರತು ನಿತ್ಯದ ಊಟವಲ್ಲ. ಮತ್ತೊಂದು ಮಾತು, ಕೊಳವೆಬಾವಿಯ ಗಡಸು ನೀರು ಹಾಕಿದರೆ ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿ ಹಕ್ಕಳೆ ಇಂಟರ್‌ಕೂಲರಿನ ರೆಕ್ಕೆಗೂ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟು ಬಳಸಬೇಕು, ಇಲ್ಲವೇ ಬ್ಯಾಟರಿಗೆ ಹಾಕುವ ಶುದ್ಧ ನೀರು. ನೀರು ಹೊರಗಿನ ರೆಕ್ಕೆಗಳ ಮೇಲೆ ಮಾತ್ರ ಬೀಳಬೇಕು. ಗಾಳಿ ಸೇದುವ ಬಾಯಿಯೊಳಗೆ ನೀರು ಹೋದರೆ ಪಿಸ್ಟನ್ನಿಗೆ ಅದನ್ನು ಅದುಮಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಮಂಜುಗಡ್ಡೆ ಇಟ್ಟರೆ ಹೇಗೆ? ಪಂದ್ಯದ ಕಾರುಗಳಲ್ಲಿ ಇಡುವುದುಂಟು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖ ಮೇಲಿನ 5 ಕಿಲೋವಾಟಿಗೆ ಒಂದು ನಿಮಿಷ ಏಳು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅವರ ಪಂದ್ಯ ಅಷ್ಟರೊಳಗೆ ಮುಗಿದಿರುತ್ತದೆ. ಚನ್ನಪಟ್ಟಣದಿಂದ ಬೆಂಗಳೂರಿಗೆ ಹೋಗುವವರಿಗೆ ಇದರಿಂದ ಪ್ರಯೋಜನವಿಲ್ಲ.

ದೊಡ್ಡ ಇಂಟರ್‌ಕೂಲರ್ ಹಾಕಿದರೆ ತಂಪೇನೋ ಹೆಚ್ಚುತ್ತದೆ. ಆದರೆ ಉದ್ದದ ಕೊಳವೆಗಳಲ್ಲಿ ಹಾಯುವಾಗ ಗಾಳಿಯ ಒತ್ತಡ ಇಳಿಯುತ್ತದೆ, ತುಂಬಬೇಕಾದ ಜಾಗ ಹೆಚ್ಚಾದ್ದರಿಂದ ಆಕ್ಸಿಲರೇಟರ್ ತುಳಿದ ಮೇಲೆ ಎಂಜಿನ್ ಎಚ್ಚೆತ್ತುಕೊಳ್ಳುವುದೂ ತಡ. ಹೆಚ್ಚು ಗಾಳಿ ಬಂತೆಂದು ಈಗಿನ ಕಾರಿನ ಕಂಪ್ಯೂಟರ್ ತನ್ನ ಮಿತಿ ಮೀರಿ ಇಂಧನ ಕೊಡುವುದೂ ಇಲ್ಲ. ಊರೊಳಗೆ ಗಂಟೆಗೆ ನಲವತ್ತು ಐವತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಟರ್ಬೊ ಅರೆನಿದ್ದೆಯಲ್ಲಿರುತ್ತದೆ. ಅಲ್ಲಿ ತಣಿಸಲು ಬಿಸಿಯೇ ಇಲ್ಲ. ದಿನವೂ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿಗೆ ಹತ್ತಾರು ಸಾವಿರದ ಇಂಟರ್‌ಕೂಲರ್ ಹಾಕಿಸುವುದು ಬೋಳುತಲೆಗೆ ಬಾಚಣಿಗೆ ಕೊಂಡಂತೆ.

ಟ್ರಾಫಿಕ್ಕಿನ ತೊಂದರೆ ಬೇರೆ ಬಗೆಯದು. 1368ರ ಬುಕ್ಕರಾಯನ ಶಾಸನದಿಂದ ಹೆಸರಾದ ಕಲ್ಯದ ಬೆಟ್ಟವನ್ನಾಗಲಿ, ಸಾವನದುರ್ಗವನ್ನಾಗಲಿ ಬೇಸಿಗೆಯ ಸಂಜೆ ಹತ್ತಿದವರಿಗೆ ಗೊತ್ತು, ಸೂರ್ಯ ಮುಳುಗಿದರೂ ಬಂಡೆ ಕಾದೇ ಇರುತ್ತದೆ. ನಿಂತ ಕಾರಿನಲ್ಲಿ ಎಂಜಿನ್ನಿನ ಮೇಲೆ ಕುಳಿತ ಇಂಟರ್‌ಕೂಲರೂ ಹೀಗೆಯೇ ಸುತ್ತಲಿನ ಶಾಖ ಹೀರಿ ಕಾದ ಬಂಡೆಯಾಗುತ್ತದೆ. ಆಗ ಅದು ಗಾಳಿಯನ್ನು ತಣಿಸುವ ಬದಲು ಬಿಸಿ ಮಾಡಿ ಕಳಿಸುತ್ತದೆ! ಟರ್ಬೊ ಮತ್ತು ಸೈಲೆನ್ಸರ್ ಕೊಳವೆಯ ಕಡೆಗೆ ಶಾಖ ತಡೆಯುವ ತಗಡು ಸರಿಯಾಗಿದೆಯೇ ಎಂದು ನೋಡುವುದು ಇದಕ್ಕೆ ಇರುವ ಸರಳ ಉಪಾಯ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಬಾನೆಟ್ ಕತ್ತರಿಸುವುದು, ಬಂಪರ್ ಕೊರೆಯುವುದು ಇಂತಹ ತೊಡಕಿಗೆ ದಾರಿ. ವಾರಂಟಿಯೂ ಹೋಗಬಹುದು. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿಕೊಂಡವರಂತೂ ಎರಡು ಸಲ ತಪ್ಪಿದವರು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಅದು ಇದೇ ಕಲಮಿಗೆ ವಿರುದ್ಧವೆಂದು ರಾಜ್ಯಗಳಿಗೆ ಬರೆದಿದೆ. ಅದರ ದಪ್ಪ ಪೈಪುಗಳು ಇಂಟರ್‌ಕೂಲರಿಗೆ ಹೋಗುವ ಗಾಳಿಗೂ ಅಡ್ಡ.

ಅಳತೆ ಮಾಡಿ ನೋಡಿ

ಏನೇ ಮಾಡಿದರೂ ಮೊದಲು ಅಳೆಯಬೇಕು, ಮಾಡಿದ ಮೇಲೆ ಮತ್ತೆ ಅಳೆಯಬೇಕು. ‘ಈಗ ಚೆನ್ನಾಗಿ ಎಳೆಯುತ್ತೆ ಕಣೋ’ ಎನ್ನುವುದು ಅಳತೆಯಲ್ಲ. ಈಚಿನ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಪುಟ್ಟ ಸ್ಕ್ಯಾನರ್ ಸಿಕ್ಕಿಸಿದರೆ ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ ಮೊಬೈಲಿನಲ್ಲಿ ಕಾಣುತ್ತದೆ. ಬೆಲೆ ಹೆಚ್ಚಿಲ್ಲ. ಓಡಿಸುವವರು ರಸ್ತೆ ನೋಡಬೇಕು, ಪಕ್ಕದಲ್ಲಿ ಕುಳಿತವರು ಅಂಕಿ ಬರೆದುಕೊಳ್ಳಬೇಕು. ಅದೇ ಏರು, ಅದೇ ಗೇರು, ಅದೇ ವೇಗ, ಅಷ್ಟೇ ಜನ ಇರಬೇಕು. ಒಂದು ದಿನ ಹೊರಗೆ 32 ಡಿಗ್ರಿ, ಎಂಜಿನ್ನಿಗೆ ಹೋಗುವ ಗಾಳಿ 58 ಎನ್ನಿ. ಸಂದು ಮುಚ್ಚಿದ ಮೇಲೆ ಇನ್ನೊಂದು ದಿನ ಹೊರಗೆ 27, ಒಳಗೆ 45. ಹದಿಮೂರು ಡಿಗ್ರಿ ಇಳಿಯಿತೆಂದು ಕುಣಿಯುವಂತಿಲ್ಲ. ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎನ್ನುವುದನ್ನೇ ನೋಡಬೇಕು. ಮೊದಲು 26 ಇದ್ದದ್ದು ಈಗ 18. ಮಾರ್ಪಾಡಿನ ಸಂಪಾದನೆ ಎಂಟು ಡಿಗ್ರಿ, ಉಳಿದ ಐದು ಹವೆ ಕೊಟ್ಟದ್ದು.

ಮನೆಯಲ್ಲಿ ಕಾರೇ ಇಲ್ಲದ ವಿದ್ಯಾರ್ಥಿಗಳು ಪಂಕ್ಚರ್ ಅಂಗಡಿಯವರನ್ನು ಕೇಳಿಕೊಂಡು ಇದೇ ಪಾಠವನ್ನು ಅಲ್ಲಿ ಕಲಿಯಬಹುದು. ಮುಟ್ಟದೆ ದೂರದಿಂದಲೇ ಅಳೆಯುವ, ಪಿಸ್ತೂಲಿನಾಕಾರದ ಥರ್ಮಾಮೀಟರ್ ಒಂದಿದ್ದರೆ ಸಾಕು. ಮೈಯ ಜ್ವರ ನೋಡುವ ಮಾದರಿ ನಡೆಯುವುದಿಲ್ಲ, ಅದು ಇಷ್ಟು ಬಿಸಿಯನ್ನು ತೋರಿಸಲಾರದು. ಥಳಥಳಿಸುವ ತಾಮ್ರ ಸುಳ್ಳು ಅಂಕಿ ಹೇಳುವುದರಿಂದ ಕೊಳವೆಯ ಎರಡು ಕಡೆ ಸ್ವಲ್ಪ ಕಪ್ಪು ಬಣ್ಣ ಬಳಿಯಬೇಕು. ದಪ್ಪ ಸಿಲಿಂಡರಿನಿಂದ ಹೊರಬರುವ ತುದಿಯಲ್ಲೊಮ್ಮೆ, ಸಣ್ಣ ಸಿಲಿಂಡರಿಗೆ ಸೇರುವ ತುದಿಯಲ್ಲೊಮ್ಮೆ, ಕಂಪ್ರೆಸರ್ ಹತ್ತು ನಿಮಿಷ ಓಡಿದ ಮೇಲೆ ಅಳೆದು, ಎರಡು ಅಂಕಿಗಳನ್ನೂ ಅಂಗಡಿಯ ನೆರಳಿನ ಉಷ್ಣತೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.